'ಚಿಂಟು' ಅಂತ ಬರಕೊಳ್ಳಾಕ ಬರಂಗಿಲ್ಲ: ಊರೂರಿಗೆ ಹಂಚಿಹೋದ ಮನೆತನವನ್ನು ಕೂಡಿಸಿ ಇಟ್ಟುಕೊಳ್ಳುವ ಬಗೆ

ನಾಲ್ಕು ವರ್ಷದ ಹಿಂದೆ, ಸುಗ್ಗಿ ಮುಗಿದ ಮೇಲೆ, ಯಲಬುರ್ಗಾ ತಾಲ್ಲೂಕಿನ ನಮ್ಮೂರ ಮನೆಗೆ ಹೆಳವರು ಬಂದರು. ನಮ್ಮ ಕಡೆಯವರಿಗೆ ಹೆಳವರು ಯಾರು ಅಂತ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಎರಡು ಮಾತು: ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡಿರುವವರು ಇವರು. ಕೆಲವು ವರ್ಷಕ್ಕೊಮ್ಮೆ ಮನೆ ಬಾಗಿಲಿಗೆ ಬಂದು ಅದನ್ನು ಓದಿ ಹೇಳುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ. ಮನೆಯವರು ಕಾಳು, ಬಟ್ಟೆ, ಪಾತ್ರೆ ಕೊಡುತ್ತಾರೆ. ಅನುಕೂಲ ಇದ್ದವರು ಆಕಳನ್ನೂ ಕೊಡುತ್ತಿದ್ದರು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರಂತೆ. ನಮ್ಮ ಮನೆಗೆ ಬಂದವರು ಬೈಕಿನಲ್ಲಿ ಬಂದರು.

ಕಟ್ಟೆ ಮೇಲೆ ಕಂಬಳಿ ಹಾಸಿದೆವು. ಅವರು ಮುತ್ತಜ್ಜನ ಅಜ್ಜನಿಂದ ಶುರು ಮಾಡಿದರು. ನಮ್ಮ ಅಜ್ಜನ ಹೆಸರು ಬಂದಾಗ ಆಯಿ, ಅಂದರೆ ನಮ್ಮ ಅಜ್ಜಿ, ತಲೆ ಮೇಲಿನ ಸೆರಗು ಸರಿ ಮಾಡಿಕೊಂಡಳು. ಓದಿ ಮುಗಿದ ಮೇಲೆ ಪೆನ್ನು ತೆಗೆದು, "ಬೆಂಗಳೂರಾಗ ಇರೋ ನಿಮ್ಮ ಸಣ್ಣ ಮಗನ ಮಕ್ಕಳ ಹೆಸರು ಹೇಳ್ರಿ ಅವ್ವಾರ" ಅಂದರು. ಮೊಮ್ಮಗಳದು ಆಯಿಗೆ ಗೊತ್ತಿತ್ತು, ಹೇಳಿದಳು. ಮೊಮ್ಮಗ?

"ಚಿಂಟು."

"ಅದು ಮನ್ಯಾಗ ಕರಿಯೋದಾತು. ಹೆಸರು?"

ಆಯಿ ನನ್ನ ಮುಖ ನೋಡಿದಳು. ನಾನು ಅವ್ವನ ಮುಖ ನೋಡಿದೆ. ಒಂಬತ್ತು ವರ್ಷದ ಹುಡುಗ, ನಮ್ಮದೇ ಮನೆ ಕುಡಿ, ಹೆಸರು ಒಬ್ಬರಿಗೂ ಗೊತ್ತಿಲ್ಲ. ತೊಟ್ಟಿಲು ಹಾಕಿದ್ದು ಕಾಕಿಯ ತವರಲ್ಲಿ, ನಾವು ಹೋಗಿರಲಿಲ್ಲ. ಕಾಕಾಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. "ಚಿಂಟು ಅಂತ ಬರಕೊಳ್ಳಾಕ ಬರಂಗಿಲ್ಲರಿ," ಅಂತ ಹೆಳವರು ಆ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚಿದರು.

ಆವತ್ತು ರಾತ್ರಿಯೇ ಎಲ್ಲರನ್ನೂ ಕೂಡಿಸಬೇಕು ಅಂತ ಹಟಕ್ಕೆ ಬಿದ್ದೆ. ಮೊದಲ ವರ್ಷ ಮಾಡಿದ್ದು ಪೂರ್ತಿ ಕೆಟ್ಟಿತು. ಕೊಪ್ಪಳದಲ್ಲಿ ಒಂದು ಮಂಗಲ ಕಾರ್ಯಾಲಯ ಹಿಡಿದೆವು. ಅಡುಗೆಯವರನ್ನು ಕರೆಸಿದೆವು, ಬ್ಯಾನರ್ ಕಟ್ಟಿದೆವು. ಎಲ್ಲರೂ ಬಂದರು, ಉಂಡರು, ಗ್ರೂಪ್ ಫೋಟೋ ತೆಗೆಸಿಕೊಂಡರು, ನಾಲ್ಕು ಗಂಟೆಗೆ ಬಸ್ ಹಿಡಿದರು. ಆರು ತಿಂಗಳ ಮೇಲೆ ಕೇಳಿದರೆ ಆ ದಿನದ ಒಂದು ಮಾತೂ ಯಾರಿಗೂ ನೆನಪಿಲ್ಲ. ಪನ್ನೀರ್ ಪಲ್ಯ ಉಪ್ಪಾಗಿತ್ತು ಅನ್ನೋದು ಮಾತ್ರ ನೆನಪಿದೆ.

ಎರಡನೇ ವರ್ಷ ಹೊಲದಲ್ಲಿ ಸೇರಿದೆವು. ಎಲ್ಲರ ಕೈಗೂ ಒಂದೊಂದು ಕೆಲಸ ಕೊಟ್ಟೆವು. ಅದರ ಮಾತು ಇವತ್ತಿಗೂ ನಡೀತಿದೆ. ಸುಮ್ನೆ ಕೂಡಿದರೆ ಸಾಲದು, ಕೂಡಿ ಏನಾದರೂ ಮಾಡಬೇಕು ಅಂತ ನಮಗೆ ಆಗ ಗೊತ್ತಾಯಿತು. ಮುಂದೆ ಬರೆದಿರೋದೆಲ್ಲ ನಾವು ಮಾಡಿ, ತಪ್ಪಿ, ತಿದ್ದಿಕೊಂಡಿದ್ದು. ನಿಮ್ಮ ಮನೆಗೆ ಒಗ್ಗಿದಷ್ಟು ತಗೊಳ್ಳಿ.

ಮೊದಲು ದಿನ ಗೊತ್ತು ಮಾಡಿ

"ಯಾವಾಗಾದರೂ ಒಮ್ಮೆ ಸೇರೋಣ" ಅಂದರೆ ಯಾರೂ ಸೇರುವುದಿಲ್ಲ. ಎಲ್ಲರಿಗೂ ಅನುಕೂಲವಾಗೋ ಭಾನುವಾರ ಹುಡುಕೋದು ಇನ್ನೂ ಕಷ್ಟ. ನಾವು ಹುಡುಕಿದ್ದೇವೆ, ಅಂಥ ಭಾನುವಾರ ಕ್ಯಾಲೆಂಡರಿನಲ್ಲೇ ಇಲ್ಲ. ಒಂದು ಹಬ್ಬಕ್ಕೆ ಕಟ್ಟಿಹಾಕಿ. "ಯಾಕೆ ಆವತ್ತೇ?" ಅನ್ನೋ ತಕರಾರು ಅಲ್ಲಿಗೆ ಮುಗಿಯುತ್ತದೆ.

ನಮ್ಮ ಭಾಗಕ್ಕೆ ಎಳ್ಳ ಅಮಾವಾಸ್ಯೆಗಿಂತ ಒಳ್ಳೆ ದಿನ ಇಲ್ಲ ಅನ್ನೋದು ನನ್ನ ಅನಿಸಿಕೆ. ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ. ಮಳೆ ಇರುವುದಿಲ್ಲ, ಬಿಸಿಲು ಸುಡುವುದಿಲ್ಲ. ಮೇಲಾಗಿ ಇದು ಹೊಲದ ಹಬ್ಬ, ಮನೆಯೊಳಗಿನದ್ದಲ್ಲ. ಐವತ್ತು ಜನ ಬಂದರೂ ಎಲ್ಲಿ ಕೂರಿಸೋದು ಅನ್ನೋ ತಾಪತ್ರಯ ಇಲ್ಲ. ಒಂದೇ ತೊಡಕು, ತಾರೀಖು ಅಲೆದಾಡುತ್ತದೆ. 2024ರಲ್ಲಿ ಜನವರಿ 11ಕ್ಕೂ ಬಂತು, ಅದೇ ವರ್ಷ ಡಿಸೆಂಬರ್ 30ಕ್ಕೂ ಬಂತು. 2025ರಲ್ಲಿ ಡಿಸೆಂಬರ್ 19. ಆದ್ದರಿಂದ ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ನೋಡಿ ಎಲ್ಲರಿಗೂ ತಿಳಿಸಿಬಿಡಿ. ನೌಕರಿಯವರು ಆಗಲೇ ರಜೆ ಲೆಕ್ಕ ಹಾಕಿಕೊಳ್ಳಲಿ.

ಹೊಲ ಇಲ್ಲದವರು, ಇದ್ದದ್ದನ್ನು ಮಾರಿದವರು ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಹಿಡಿಯಬಹುದು. ಎಳ್ಳ ಅಮಾವಾಸ್ಯೆ ಆಗಿ ಹದಿನಾರು-ಹದಿನೇಳು ದಿನಕ್ಕೆ, ಪುಷ್ಯ ಬಹುಳ ಬಿದಿಗೆಗೆ ತೇರು. 2025ರಲ್ಲಿ ಜನವರಿ 15, 2026ರಲ್ಲಿ ಜನವರಿ 5. ಮಹಾದಾಸೋಹಕ್ಕೆ ಊರೂರಿಂದ ರೊಟ್ಟಿ ಹೋಗುತ್ತದಲ್ಲ, ಹಾಗೆ ನಿಮ್ಮ ಮನೆತನದವರೆಲ್ಲ ಒಂದು ಕಡೆ ಕೂತು ನೂರು ರೊಟ್ಟಿ ಬಡಿದು ಕಳಿಸಿ. ಅದೂ ಕೂಡಿ ಮಾಡಿದ ಕೆಲಸವೇ.

ಹೆಣ್ಣುಮಕ್ಕಳ ಮಾತು ಬೇರೆ. ಅವರ ಹಬ್ಬ ಪಂಚಮಿ. ಜೋಕಾಲಿ, ಅಳ್ಳು, ಶೇಂಗಾ ಉಂಡಿ, ಎಳ್ಳುಂಡಿ ಎಲ್ಲ ಅವರವೇ. ಅಣ್ಣತಮ್ಮಂದಿರು ಹೋಗಿ ಕರೆದುಕೊಂಡು ಬರುವ ರೂಢಿ ಇನ್ನೂ ಇದೆ, ಆದರೆ ಬಹಳ ಮನೆಗಳಲ್ಲಿ ಅದು ಫೋನ್‌ಪೇ ಆಗಿಬಿಟ್ಟಿದೆ. ಹೋಗಿ ಕರೆಯಲಿಕ್ಕೆ ಆಗದಿದ್ದರೆ ಉಂಡಿ ಡಬ್ಬಿಯನ್ನಾದರೂ ಸರ್ಕಾರಿ ಬಸ್ಸಿನ 'ನಮ್ಮ ಕಾರ್ಗೋ' ಪಾರ್ಸಲ್‌ನಲ್ಲಿ ಕಳಿಸಿ. ಬಳ್ಳಾರಿಗೆ ಕೊಟ್ಟ ನಮ್ಮ ಅತ್ತೆ, ರೊಕ್ಕ ಬಂದಾಗ ಫೋನ್ ಮಾಡುವುದಿಲ್ಲ. ಉಂಡಿ ಹೋದರೆ ಅರ್ಧ ತಾಸು ಮಾತಾಡುತ್ತಾಳೆ. ಉಂಡಿ ಗಟ್ಟಿಯಾಗಿದ್ದರೆ ಒಂದು ತಾಸು.

ಬರೋದು, ಖರ್ಚು

ಬೆಂಗಳೂರಿನವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ರಾತ್ರಿ ಹತ್ತಿದರೆ ಬಳ್ಳಾರಿ, ಹೊಸಪೇಟೆ ದಾಟಿ ಬೆಳಿಗ್ಗೆ ಕೊಪ್ಪಳ. 2024ರ ನವೆಂಬರ್‌ನಿಂದ ರೈಲು ಟಿಕೆಟ್ ಬುಕಿಂಗ್ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಮೊದಲು 120 ದಿನ ಇತ್ತು. ಹಾಗಾಗಿ ಹಬ್ಬಕ್ಕೆ ಎರಡು ತಿಂಗಳಿರುವಾಗ ಒಬ್ಬರು ಎಲ್ಲರಿಗೂ ನೆನಪು ಮಾಡಬೇಕು. ಹುಬ್ಬಳ್ಳಿ ಕಡೆಯವರಿಗೆ 2025ರ ಮೇ ತಿಂಗಳಿಂದ ಕುಷ್ಟಗಿವರೆಗೆ ರೈಲು ಬಂದಿದೆ. ಕುಕನೂರು, ಯಲಬುರ್ಗಾ ಮೇಲೆ ಹಾಯ್ದು ಹೋಗುತ್ತದೆ. ನಮ್ಮ ಅಜ್ಜ ಯಲಬುರ್ಗಾಕ್ಕೆ ರೈಲು ಬರುತ್ತೆ ಅಂದರೆ ನಗುತ್ತಿದ್ದ.

ವಂತಿಗೆ ಮನೆಗೆ ಇಷ್ಟು ಅಂತ ಇಡಿ, ತಲೆಗೆ ಇಷ್ಟು ಅಂತ ಬೇಡ. ತಲೆ ಲೆಕ್ಕ ಹಾಕಿದರೆ ಜಾಸ್ತಿ ಮಕ್ಕಳಿರೋರು ಕೆಲವರನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಗುಳೆ ಹೋಗಿ ದುಡಿದು ತಿನ್ನೋ ಮನೆಯವರಿಗೆ ರೊಕ್ಕ ಕೇಳಬೇಡಿ, ಒಂದು ದಿನ ಮುಂಚೆ ಬಂದು ಹೊಲ ಹಸನು ಮಾಡಲು ಕೈಜೋಡಿಸಿ ಅನ್ನಿ. ಅದೂ ವಂತಿಗೆಯೇ. ಇನ್ನೊಂದು, ಯಾರು ಎಷ್ಟು ಕೊಟ್ಟರು ಅಂತ ಓದಬೇಡಿ. ನಾನು ಒಮ್ಮೆ ಲೆಕ್ಕ ಚೊಕ್ಕ ಇರಲಿ ಅಂತ ಎಲ್ಲರ ಮುಂದೆ ಓದಿದೆ. ಕಡಿಮೆ ಕೊಟ್ಟಿದ್ದ ಒಂದು ಮನೆಯವರು ಮುಂದಿನ ವರ್ಷ ಬರಲಿಲ್ಲ. ತಪ್ಪು ನನ್ನದೇ. ಹೋಗಿ ಕರೆದುಕೊಂಡು ಬರಲು ಎರಡು ವರ್ಷ ಹಿಡಿಯಿತು.

ಎಲ್ಲರ ಕೈಗೂ ಕೆಲಸ ಕೊಡಿ

ಗಂಡಸರು ಗಿಡದ ನೆರಳಿಗೆ ಕೂತು ರಾಜಕೀಯ ಮಾತಾಡೋದು, ಹೆಂಗಸರು ಒಲೆ ಮುಂದೆ ಬೇಯೋದು, ಮಕ್ಕಳು ಮೊಬೈಲ್ ನೋಡೋದು. ಇಷ್ಟೇ ಆದರೆ ಹೆಂಗಸರಿಗೆ ಉಳಿಯೋ ನೆನಪು ಸೊಂಟನೋವು ಮಾತ್ರ. ಅದಕ್ಕೆ ನಾವು ವಾರ ಮೊದಲೇ ಕೆಲಸದ ಪಟ್ಟಿ ಮಾಡುತ್ತೇವೆ. ಒಂದೇ ಕಟ್ಟು: ಒಂದು ಕೆಲಸಕ್ಕೆ ಇಬ್ಬರು, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಹುಬ್ಬಳ್ಳಿಯ ಅಳಿಯ ಮತ್ತು ಊರಿನ ಕಾಕಾ ಬದನೆಕಾಯಿ ಸೀಳಿ ಎಣ್ಣೆಗಾಯಿಗೆ ಮಸಾಲೆ ತುಂಬಬೇಕು. ಪುಂಡಿ ಸೊಪ್ಪು ಸೋಸೋದಕ್ಕೆ ಇಬ್ಬರು ಕಾಲೇಜು ಹುಡುಗರು. ಗುರೆಳ್ಳು ಚಟ್ನಿ ಒರಳಲ್ಲೇ ಕುಟ್ಟಬೇಕು, ಮಿಕ್ಸಿ ಮುಟ್ಟುವಂತಿಲ್ಲ. ರುಚಿಗಾಗಿ ಮಾತ್ರ ಅಲ್ಲ. ಮಿಕ್ಸಿ ಎರಡು ನಿಮಿಷಕ್ಕೆ ಮುಗಿಸಿಬಿಡುತ್ತದೆ, ಮಾತಿಗೆ ಹೊತ್ತೇ ಇರುವುದಿಲ್ಲ.

ಸಜ್ಜೆ ರೊಟ್ಟಿ, ಜೋಳದ ಖಡಕ್ ರೊಟ್ಟಿ ನಾಲ್ಕು ದಿನ ಮೊದಲೇ ಮಾಡಿಡಬಹುದು, ಕೆಡುವುದಿಲ್ಲ. ಆದರೆ ಹಿಂದಿನ ರಾತ್ರಿಗೆ ಅಂತ ಒಂದು ಬುಟ್ಟಿ ಹಿಟ್ಟು ಉಳಿಸಿಕೊಳ್ಳಿ. ನಮ್ಮ ಮನೆಯಲ್ಲಿ ಆ ರಾತ್ರಿ ರೊಟ್ಟಿ ಬಾರದವರೇ ಬಡಿಯಬೇಕು. ಬೆಂಗಳೂರಿನ ತಂಗಿ ಮೊದಲ ರೊಟ್ಟಿ ಬಡಿದಾಗ ಅದು ಕಲ್ಲಿನ ಮೇಲೆಯೇ ನಾಲ್ಕು ಭಾಗ ಆಯಿತು. ಆಯಿ ಕನ್ನಡಕ ಏರಿಸಿ ನೋಡಿ, "ಇದು ರೊಟ್ಟಿ ಅಲ್ಲಬೇ, ಹೊಲದ ನಕಾಶಿ. ಪಾಲು ಹಚ್ಚೀದಿ" ಅಂದಳು. ಹಿಟ್ಟಿಗೆ ಕುದಿಯೋ ನೀರು ಹಾಕಿ ನಾದಬೇಕು, ನಾದಿದ್ದು ಸಾಲದು ಅಂತ ತೋರಿಸಿಕೊಟ್ಟಳು. ಈಗ ಆ ತಂಗಿ ಬೆಂಗಳೂರಲ್ಲಿ ವಾರಕ್ಕೊಮ್ಮೆ ರೊಟ್ಟಿ ಮಾಡಿ ಫೋಟೋ ಹಾಕುತ್ತಾಳೆ. ಇನ್ನೂ ದುಂಡಗೆ ಬಂದಿಲ್ಲ.

ಹೊಲದ ದಿನ

ಸಾಧ್ಯವಾದರೆ ಒಂದಾದರೂ ಎತ್ತಿನ ಬಂಡಿ ಗೊತ್ತು ಮಾಡಿ. ಈಗ ಟ್ರ್ಯಾಕ್ಟರೇ ಜಾಸ್ತಿ, ಕೊಲ್ಲಾರಿ ಬಂಡಿ ಸಿಗೋದು ಕಷ್ಟ. ಸಿಕ್ಕರೆ ಮಕ್ಕಳನ್ನೂ ಮುದುಕರನ್ನೂ ಅದರಲ್ಲೇ ಕೂಡಿಸಿ. ಉಳಿದವರು ನಡೆಯಲಿ.

ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡುತ್ತೇವೆ. ಆ ಕಲ್ಲು ಹುಡುಕಿ ತರುವುದು ಮಕ್ಕಳ ಕೆಲಸ. ಭೀಮ ಯಾವುದು ಅಂತ ಜಗಳ ಆಗೇ ಆಗುತ್ತದೆ, ಆಗಲಿ. ಆಮೇಲೆ ಚರಗ ಚೆಲ್ಲೋದು, ಅಂದರೆ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ ಭೂಮಿತಾಯಿಗೆ ಅಂತ ಹೊಲದ ತುಂಬ ಎರಚೋದು. ಮುಂದೆ ಒಬ್ಬರು "ಹುಲ್ಲುಲ್ಲಿಗೋ" ಅನ್ನುತ್ತಾ ಚೆಲ್ಲುತ್ತಾರೆ, ಹಿಂದಿನವರು "ಚಲ್ಲಂಬ್ರಿಗೋ" ಅನ್ನುತ್ತಾ ನೀರು ಚಿಮುಕಿಸುತ್ತಾರೆ. ಈ ಕೂಗು ಊರಿಗೊಂದು ಥರ ಇರುತ್ತದೆ, ನಿಮ್ಮೂರಿನದನ್ನೇ ಕೂಗಿ. ಪಟ್ಟಣದ ಮಕ್ಕಳಿಗೆ ಹಿಂದಿನ ಕೂಗು ಕೊಡಿ. ಮೊದಲು ನಾಚುತ್ತಾರೆ, ಎರಡನೇ ಬದು ದಾಟೋ ಹೊತ್ತಿಗೆ ಗಂಟಲು ಹರಿಯುವ ಹಾಗೆ ಕೂಗುತ್ತಿರುತ್ತಾರೆ.

ಆಸ್ತಿ ಪಾಲಾಗಿದ್ದರೆ ಯಾರ ಹೊಲದಲ್ಲಿ ಸೇರೋದು ಅನ್ನೋ ಪ್ರಶ್ನೆ ಬರುತ್ತದೆ. ಪಾಳಿ ಹಾಕಿ. ಈ ವರ್ಷ ದೊಡ್ಡಪ್ಪನ ಪಾಲಿನಲ್ಲಿ, ಮುಂದಿನ ವರ್ಷ ಕಾಕಾನ ಪಾಲಿನಲ್ಲಿ.

ಊಟ ಆದ ಮೇಲಿನ ಎರಡು ತಾಸು ಬಹಳ ಮುಖ್ಯ. ನಾವು ಎರಡೇ ಕೆಲಸ ಇಟ್ಟುಕೊಂಡಿದ್ದೇವೆ. ಒಂದು, ದೊಡ್ಡಪ್ಪ ಮುಂದೆ, ಮಕ್ಕಳು ಹಿಂದೆ, ಬದು ಹಿಡಿದು ಒಂದು ಸುತ್ತು. ಹೊಲಗಳಿಗೆ ಹೆಸರಿರುತ್ತವೆ ಅನ್ನೋದೇ ಅರ್ಧ ಮಕ್ಕಳಿಗೆ ಗೊತ್ತಿಲ್ಲ. ಹುಣಸಿಗಿಡದ ಹೊಲ, ಮಡ್ಡಿ ಹೊಲ, ಕೆರಿ ಹಿಂದಿನ ಹೊಲ. ಪಹಣಿಯಲ್ಲಿ ಬರೀ ಸರ್ವೆ ನಂಬರ್ ಇರುತ್ತದೆ, ಈ ಹೆಸರು ಇರುವುದಿಲ್ಲ. ಒಬ್ಬ ಹುಡುಗಿ ಹಾಳೆ ಮೇಲೆ ನಕ್ಷೆ ಬರೆಯುತ್ತಾ ಹೋಗಲಿ. ಹುಣಸೆ ಮರ ಇಲ್ಲದ ಹುಣಸಿಗಿಡದ ಹೊಲ ಬಂದಾಗ ಅವಳು "ಗಿಡ ಎಲ್ಲಿ?" ಅಂತ ಕೇಳೇ ಕೇಳುತ್ತಾಳೆ. ಅಲ್ಲಿಂದ ಒಂದು ಕಥೆ ಶುರುವಾಗುತ್ತದೆ. ನಮ್ಮಲ್ಲಿ ಆ ಗಿಡ ಕಡಿದದ್ದು ಅತ್ತೆಯ ಮದುವೆ ಖರ್ಚಿಗೆ. ಅದು ಸ್ವತಃ ಅತ್ತೆಗೇ ಗೊತ್ತಿರಲಿಲ್ಲ.

ಎರಡನೆಯದು, ಸಣ್ಣ ಹೆಳವ. ಪ್ರತಿ ವರ್ಷ ಮಕ್ಕಳಲ್ಲಿ ಒಬ್ಬರಿಗೆ ನೋಟ್‌ಬುಕ್ ಮತ್ತು ಪೆನ್ನು. ಅವರು ಪ್ರತಿ ಮನೆಯವರ ಹತ್ತಿರ ಹೋಗಿ ಈ ವರ್ಷ ಹುಟ್ಟಿದವರು, ತೀರಿಕೊಂಡವರು, ಮದುವೆಯಾದವರು, ಊರು ಬಿಟ್ಟವರು ಯಾರ್ಯಾರು ಅಂತ ಕೇಳಿ ಬರೆದುಕೊಳ್ಳಬೇಕು. ಮೊದಲ ಸಣ್ಣ ಹೆಳವ ಯಾರು ಅಂತ ಹೇಳಬೇಕಾಗಿಲ್ಲ ಅಲ್ವಾ? ಚಿಂಟು ನನ್ನ ಹತ್ತಿರವೂ ಬಂದ. ನಾನು ಹೆಸರು ಹೇಳಿದೆ. "ಅದು ಮನೇಲಿ ಕರೆಯೋದು ಅಣ್ಣ, ಆಧಾರ್‌ನಲ್ಲಿ ಇರೋದು ಹೇಳಿ" ಅಂದ. ಯಾರೋ ಹೇಳಿಕೊಟ್ಟಿದ್ದರು.

ಈ ಪುಸ್ತಕದ ಬಗ್ಗೆ ಒಂದು ಮಾತು. ಹೆಳವರು ನಮಗೆ ಓದಿದ ವಂಶಾವಳಿಯಲ್ಲಿ ಗಂಡಸರ ಹೆಸರೇ ಜಾಸ್ತಿ ಇದ್ದವು. ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೆ ಅವರ ಗೆರೆ ಅಲ್ಲಿಗೇ ನಿಂತಿತ್ತು. ನಮ್ಮ ನೋಟ್‌ಬುಕ್‌ನಲ್ಲಿ ಹಾಗಿಲ್ಲ. ಕೊಟ್ಟ ಹೆಣ್ಣುಮಕ್ಕಳು, ಅವರ ಮಕ್ಕಳು, ಬಂದ ಸೊಸೆಯಂದಿರ ತವರಿನ ಊರು, ಅವರ ತಾಯಿಯ ಹೆಸರು ಎಲ್ಲ ಬರೆಯುತ್ತೇವೆ. ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ಕೂಸುಗಳ ಹೆಸರನ್ನೂ. ಆಯಿಗೆ ಹಾಗೆ ಇಬ್ಬರು. ಅವರ ಹೆಸರು ಬರೆಸುವಾಗ ಆಯಿ ಚಿಂಟುಗೆ ಅಕ್ಷರ ಅಕ್ಷರ ಬಿಡಿಸಿ ಹೇಳಿದಳು. ಆಯಿಗೆ ಓದಲು ಬರುವುದಿಲ್ಲ.

ಹಿರಿಯರ ಮಾತು ಹಿಡಿದಿಡೋದು

ಇದನ್ನು ಹಬ್ಬದ ದಿನ ಮಾಡಬೇಡಿ. ಗದ್ದಲದಲ್ಲಿ ಆಗುವುದಿಲ್ಲ. ಹಿಂದಿನ ಅಥವಾ ಮಾರನೇ ದಿನ, ಮಧ್ಯಾಹ್ನ, ಒಬ್ಬರೇ ಕೂತು ಮಾಡಿ.

ನನ್ನ ಮೊದಲ ಪ್ರಯತ್ನದ ಗತಿ ಕೇಳಿ. ಕೆಲಸ ಮಾಡುತ್ತಾ ಮಾತಾಡಿದರೆ ಸಲೀಸು ಅಂತ, ಆಯಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಮೊಬೈಲ್ ಇಟ್ಟೆ. ಒಂದು ತಾಸು ಚೆನ್ನಾಗಿ ಮಾತಾಡಿದಳು. ರಾತ್ರಿ ಹಾಕಿ ಕೇಳಿದರೆ ಪಟಪಟ ಪಟಪಟ ಅಂತ ರೊಟ್ಟಿ ಸದ್ದು ಬಿಟ್ಟು ಏನೂ ಇಲ್ಲ. ನಡುನಡುವೆ "ಆವಾಗ ನಿಮ್ಮಜ್ಜ..." ಅನ್ನೋದು ಕೇಳುತ್ತದೆ, ಆಮೇಲೆ ಮತ್ತೆ ಪಟಪಟ. ಅಜ್ಜ ಏನು ಮಾಡಿದ ಅನ್ನೋದು ಇಲ್ಲ. ಸದ್ದಿಲ್ಲದ ಕೆಲಸ ಕೊಡಬೇಕು ಅಂತ ಆಗ ಗೊತ್ತಾಯಿತು. ಬತ್ತಿ ಹೊಸೆಯೋದು ಎಲ್ಲಕ್ಕಿಂತ ಒಳ್ಳೇದು. ಕೈ ಆಡುತ್ತಿರುತ್ತದೆ, ಕಣ್ಣು ಅದರ ಮೇಲಿರುತ್ತದೆ, ಮೊಬೈಲ್ ಇರೋದು ಮರೆತೇ ಹೋಗುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಟ್ಟೆ ಮೇಲೆ, ಅವರಿಂದ ಒಂದು ಮೊಳ ದೂರ ಇಡಿ. ಫ್ಯಾನ್ ಬಂದ್ ಮಾಡಿ.

"ನಿನ್ನ ಬಾಲ್ಯದ ಬಗ್ಗೆ ಹೇಳು" ಅಂತ ಕೇಳಬೇಡಿ. "ಏನೈತಿ ಹೇಳಾಕ, ದುಡದ್ವಿ, ಉಂಡ್ವಿ" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಸಣ್ಣದನ್ನು ಕೇಳಿ. ನಿನ್ನ ಮದುವಿಗೆ ಎಷ್ಟು ಬಂಡಿ ಬಂದಿದ್ವು? ಹೊಸದಾಗಿ ಬಂದಾಗ ಈ ಮನ್ಯಾಗ ನೀರು ಎಲ್ಲಿಂದ ತರ್ತಿದ್ರಿ? ಮೊದಲ ಸಲ ನೋಟು ಕೈಯಾಗ ಹಿಡದಿದ್ದು ಯಾವಾಗ? ಅತ್ತೆ ಏನಂತ ಬೈತಿದ್ಲು? ಕೊನೇ ಪ್ರಶ್ನೆಗೆ ಅರ್ಧ ತಾಸಿನ ಉತ್ತರ ಖಾತ್ರಿ.

ಇಸವಿ ಕೇಳಿದರೆ ಹೇಳುವುದಿಲ್ಲ, ಕೇಳಲೂಬೇಡಿ. ದೊಡ್ಡ ಘಟನೆಗಳಿಗೆ ಕಟ್ಟಿ ಲೆಕ್ಕ ಹಾಕಿ. ಕೊಪ್ಪಳ, ರಾಯಚೂರು ಕಡೆ ಬಹಳ ಹಿರಿಯರಿಗೆ ರಜಾಕಾರರ ಗದ್ದಲ ಗೊತ್ತಿರುತ್ತದೆ. ನಿಜಾಮನ ಹೈದರಾಬಾದ್ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17. ತುಂಗಭದ್ರಾ ಡ್ಯಾಂ ಮುಗಿದದ್ದು 1953. ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1. ದೊಡ್ಡ ಬರ ಬಿದ್ದದ್ದು 1972. ರಾಯಚೂರಿನಿಂದ ಒಡೆದು ಕೊಪ್ಪಳ ಜಿಲ್ಲೆ ಆದದ್ದು 1997. ಬಳ್ಳಾರಿಯವರಿಗಾದರೆ ಸೋನಿಯಾ-ಸುಷ್ಮಾ ಚುನಾವಣೆ ಇದೆ, 1999. ನಮ್ಮ ಅತ್ತೆ ಕಿರಿ ಮಗಳು ಹುಟ್ಟಿದ್ದನ್ನು ಇವತ್ತಿಗೂ "ಸೋನಿಯಾ ಬಂದಿದ್ದ ವರ್ಷ" ಅಂತಲೇ ಹೇಳುತ್ತಾಳೆ.

ಹೀಗೆ ಕೇಳಿಯೇ ಆಯಿಯ ವಯಸ್ಸು ಸಿಕ್ಕಿತು. ಆಧಾರ್‌ನಲ್ಲಿ ಅವಳು ಹುಟ್ಟಿದ್ದು 1950ರ ಜನವರಿ 1. ಅವಳ ಓರಗೆಯ ಅರ್ಧ ಊರು ಜನವರಿ 1ಕ್ಕೇ ಹುಟ್ಟಿದೆ ಬಿಡಿ. ಅವಳ ತವರೂರು ಡ್ಯಾಂ ನೀರಿನಲ್ಲಿ ಮುಳುಗಡೆ ಆದದ್ದು. ಬತ್ತಿ ಹೊಸೆಯುತ್ತಾ ಒಂದು ಮಧ್ಯಾಹ್ನ ಅಂದಳು: "ನೀರು ಬಂತಂತ ಊರು ಬಿಡೋ ಮುಂದ ನನ್ನ ಮುಂದಿನ ಹಲ್ಲು ಬಿದ್ದಿತ್ತು. ಹಳೆ ಮನಿ ಮಾಳಿಗಿ ಮ್ಯಾಲೆ ಒಗದು ಬಂದೆ." ಮುಂದಿನ ಹಾಲುಹಲ್ಲು ಬೀಳೋದು ಆರು-ಏಳು ವರ್ಷಕ್ಕೆ. 1953ರಿಂದ ಹಿಂದಕ್ಕೆ ಎಣಿಸಿದರೆ 1946 ಅಥವಾ 47. ಆ ಬೇಸಿಗೆಗೇ ಅವಳನ್ನು ಮುನಿರಾಬಾದ್ ಕಡೆಯಿಂದ ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋದೆವು. ನೀರು ಇಳಿದಿತ್ತು, ಬರೀ ಒಡೆದ ಕೆಸರು. ಕೈ ಮಾಡಿ "ಅಲ್ಲಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು "ಅಲ್ಲಲ್ಲ, ಇತ್ಲಾಗ" ಅಂದಳು. ನಿಮ್ಮ ಮನೆತನದಲ್ಲೂ ಮುಳುಗಡೆ ಊರಿನವರು ಇದ್ದರೆ ಅವರನ್ನು ಒಮ್ಮೆ ಕರೆದುಕೊಂಡು ಹೋಗಿ. ಏನೂ ಕಾಣುವುದಿಲ್ಲ ನಿಜ. ಆದರೂ ಹೋಗಿ.

ಫೋಟೋ, ಕಾಗದ ಪತ್ರ

ಹಳೆ ಫೋಟೋಗಳಿಗೆ ಹೆಸರು ಬರೆಯೋದು ಈ ವರ್ಷವೇ ಆಗಬೇಕಾದ ಕೆಲಸ. ಮುಂದೂಡಿದರೆ ಗುರುತು ಹಿಡಿಯೋರು ಇರುವುದಿಲ್ಲ. ಫೋಟೋ ಹಿಂದೆ ಪೆನ್ನಿನಲ್ಲಿ ಬರೆಯಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತದೆ. ಮೆತ್ತನೆ ಪೆನ್ಸಿಲ್ ಸಾಕು, ಒತ್ತಬಾರದು. ಜಾಸ್ತಿ ಜನ ಇರೋ ಮದುವೆ ಫೋಟೋ ಆದರೆ ಮೇಲೆ ಬೆಣ್ಣೆ ಕಾಗದ ಹರಡಿ, ಒಬ್ಬೊಬ್ಬರ ತಲೆಯ ಗೆರೆ ಎಳೆದು ನಂಬರ್ ಹಾಕಿ. ಗೆರೆಯನ್ನೂ ಹಗುರವಾಗಿ ಎಳೆಯಿರಿ. ನಂಬರಿಗೆ ಹೆಸರು ಬೇರೆ ಹಾಳೆಯಲ್ಲಿರಲಿ. ಮೊಬೈಲಿನಲ್ಲಿ ಕಾಪಿ ತೆಗೆಯುವಾಗ ಕಿಟಕಿ ಬೆಳಕು ಸಾಕು, ಫ್ಲ್ಯಾಶ್ ಬೇಡ. ಗಾಜಿನ ಕಟ್ಟಿಗೆ ಅಂಟಿಕೊಂಡ ಫೋಟೋವನ್ನು ಎಳೆದು ಬಿಡಿಸಲು ಹೋಗಬೇಡಿ, ಗಾಜಿನ ಮೇಲಿಂದಲೇ ಸ್ವಲ್ಪ ಓರೆಯಾಗಿ ತೆಗೆಯಿರಿ.

ಟ್ರಂಕಿನ ತಳದಲ್ಲಿ ಉರ್ದು ಕಾಗದ ಸಿಕ್ಕರೆ ಎಸೆಯಬೇಡಿ. ನಿಜಾಮರ ಕಾಲದಲ್ಲಿ ಸರ್ಕಾರಿ ಕೆಲಸವೆಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು, ಹೊಲದ ಕಾಗದವೂ ಅದರಲ್ಲೇ. ನಮ್ಮ ಮನೆಯಲ್ಲಿ ಅಂಥ ಮೂರು ಹಾಳೆಗಳನ್ನು ಯಾರೋ ದರ್ಗಾದ ತಾಯಿತದ ಕಾಗದ ಅಂದುಕೊಂಡು ದೇವರ ಜಗಲಿ ಮೇಲೆ ಇಟ್ಟಿದ್ದರು, ದೀಪಾವಳಿಗೆ ಕುಂಕುಮ ಹಚ್ಚುತ್ತಿದ್ದರು. ನಿವೃತ್ತ ಉರ್ದು ಮಾಸ್ತರೊಬ್ಬರು ಓದಿ ಹೇಳಿದರು: ಕಂದಾಯ ಕಟ್ಟಿದ ರಶೀದಿ. ಮುತ್ತಜ್ಜನ ಹೆಸರು, ಅವನ ಅಪ್ಪನ ಹೆಸರು ಎರಡೂ ಅದರಲ್ಲಿದ್ದವು. ಇಂಥ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಆಮೇಲೆ ಬಿಡಿಸಲು ಆಗುವುದಿಲ್ಲ. ಮಡಿಕೆ ಬಿಚ್ಚಿ, ದಪ್ಪ ಫೈಲಿನಲ್ಲಿ ಚಪ್ಪಟೆ ಇಡಿ.

ಕಾಪಿ ಮೂರು ಕಡೆ ಇರಲಿ. ಒಂದು ಪೆನ್‌ಡ್ರೈವ್ ಊರಲ್ಲಿ, ಒಂದು ಇನ್ನೊಂದು ಊರಿನವರ ಮನೆಯಲ್ಲಿ, ಒಂದು ಗೂಗಲ್ ಡ್ರೈವ್‌ನಲ್ಲಿ. 15 ಜಿಬಿ ಬಿಟ್ಟಿ ಸಿಗುತ್ತದೆ, ಫೋಟೋ ಮತ್ತು ಮಾತಿನ ರೆಕಾರ್ಡಿಂಗಿಗೆ ಸದ್ಯಕ್ಕೆ ಸಾಕು. ವಾಟ್ಸ್ಆಪ್‌ನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ, ದೊಡ್ಡದು ಮಾಡಿ ನೋಡಿದರೆ ಮೂಗು ಕಣ್ಣು ಕಲಸಿರುತ್ತವೆ.

ವಾಟ್ಸ್ಆಪ್ ಗುಂಪು

ಗುಂಪು ಈಗಾಗಲೇ ಇರುತ್ತದೆ, ಗುಲಾಬಿ ಹೂವಿನ ಶುಭೋದಯದಿಂದ ತುಂಬಿರುತ್ತದೆ. ಅದನ್ನು ನಿಲ್ಲಿಸಲು ಹೋಗಬೇಡಿ, ದೊಡ್ಡಪ್ಪ ಬೇಜಾರಾಗುತ್ತಾರೆ. ರಾಜಕೀಯ ಮಾತ್ರ ಖಡಾಖಂಡಿತ ಬೇಡ ಅನ್ನಿ. ಭಾನುವಾರ ಸಂಜೆ ಒಂದು ಹಳೆ ಫೋಟೋ ಹಾಕಿ "ಇವರು ಯಾರು?" ಅಂತ ಕೇಳಿ. ಓದಲು ಬಾರದ ಹಿರಿಯರಿಗೆ ಬರೆದು ಹಾಕಿ ಏನು ಉಪಯೋಗ? ವಾಯ್ಸ್ ಮೆಸೇಜ್ ಕಳಿಸಿ. ಅವರೂ ಹಾಗೇ ಉತ್ತರ ಕೊಡುತ್ತಾರೆ. ಅದನ್ನು ಉಳಿಸಿಕೊಳ್ಳಿ.

ಗುಂಪಿನ ನಿಜವಾದ ಉಪಯೋಗ ನಮಗೆ ಗೊತ್ತಾಗಿದ್ದು 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ಕಿತ್ತು ಕೊಚ್ಚಿಹೋದಾಗ. ಗಂಗಾವತಿ ಕಡೆ ಕೊಟ್ಟ ಅಕ್ಕನ ಮನೆ ನದಿಗೆ ಹತ್ತಿರ. ಬೆಳಗಾಗೋದರೊಳಗೆ ಮೂರು ಮನೆಯವರು "ನಮ್ಮಲ್ಲಿಗೆ ಬಾ" ಅಂತ ಹೇಳಿದ್ದರು. ಅದರಲ್ಲಿ ಒಬ್ಬರು, ವಂತಿಗೆ ಓದಿದ್ದಕ್ಕೆ ಸಿಟ್ಟಾಗಿದ್ದವರು.

ಮಾತು ಬಿಟ್ಟವರು

ಹೊಲ-ಮನೆ ವ್ಯಾಜ್ಯ ಇಲ್ಲದ ಮನೆತನ ಎಲ್ಲಿದೆ? ಹಬ್ಬದ ದಿನ ರಾಜಿ ಪಂಚಾಯ್ತಿ ಇಡಬೇಡಿ, ಕೆಟ್ಟು ಹೋಗುತ್ತದೆ. ಆಸ್ತಿ ಮಾತು ಆವತ್ತು ಪೂರ್ತಿ ಬಂದ್. ಮಾತು ಬಿಟ್ಟ ಇಬ್ಬರಿಗೆ ಮಾತಿಲ್ಲದೆ ಮಾಡೋ ಕೆಲಸ ಕೊಡಿ. ನಮ್ಮಲ್ಲಿ ಇಬ್ಬರು ಅಣ್ಣತಮ್ಮಂದಿರಿಗೆ ಹಸಿ ಕಡಲೆ ಸುಡುವ ಕೆಲಸ ಹಚ್ಚಿದೆವು. ಒಬ್ಬರು ಗಿಡ ಕಿತ್ತು ತಂದು ಹಾಕೋದು, ಇನ್ನೊಬ್ಬರು ಬೆಂಕಿ ನೋಡೋದು. ಮೊದಲ ವರ್ಷ ಒಂದು ಮಾತೂ ಆಡಲಿಲ್ಲ. ಎರಡನೇ ವರ್ಷ ಒಬ್ಬರು "ಹತ್ತತೈತಿ ನೋಡು, ತಿರುವು" ಅಂದರು. ಅಷ್ಟೇ ಆಡಿದ್ದು. ಕೋರ್ಟಿನಲ್ಲಿ ಕೇಸು ಇನ್ನೂ ನಡೀತಿದೆ.

ಹೊರಡೋ ಮೊದಲು ಮತ್ತು ಆಮೇಲೆ

ಗಾಡಿ ಹತ್ತೋ ಮೊದಲೇ ಮುಂದಿನ ವರ್ಷ ಯಾರ ಪಾಳಿ, ನೋಟ್‌ಬುಕ್ ಯಾರ ಮನೆಗೆ ಹೋಗಬೇಕು ಅನ್ನೋದು ತೀರ್ಮಾನ ಆಗಲಿ. ಆಮೇಲೆ ಫೋನಿನಲ್ಲಿ ಮಾತಾಡೋಣ ಅಂದರೆ ಆಗುವುದಿಲ್ಲ. ಪ್ರತಿ ಮನೆಗೂ ಒಂದು ಕಟ್ಟು ಖಡಕ್ ರೊಟ್ಟಿ, ಒಂದು ಡಬ್ಬಿ ಗುರೆಳ್ಳು ಚಟ್ನಿ ಕಟ್ಟಿ ಕೊಡಿ. ರೊಟ್ಟಿ ಮುರಿಯಬಾರದು ಅಂದರೆ ಬಟ್ಟೆಯಲ್ಲಿ ಸುತ್ತಿ, ಗಟ್ಟಿ ರಟ್ಟಿನ ಡಬ್ಬಿಯಲ್ಲಿ ನಿಲ್ಲಿಸದೆ ಮಲಗಿಸಿ ಇಡಿ.

ಕೊನೇ ಕೆಲಸ ಫೋಟೋ ಪ್ರಿಂಟ್. ಮೊಬೈಲಿನಲ್ಲಿ ಇರೋ ಮುನ್ನೂರು ಫೋಟೋ ಯಾರೂ ನೋಡುವುದಿಲ್ಲ. ಹತ್ತು ಆರಿಸಿ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ತಾರೀಖು, ಹೆಸರು ಬರೆದು ಮನೆಗೊಂದು ಕವರ್ ಮಾಡಿ. ಇದಕ್ಕೆ ಗಡುವು ಗವಿಮಠದ ತೇರು. ಹದಿನೈದು ದಿನ ಸಿಗುತ್ತದೆ, ನಮ್ಮವರಲ್ಲಿ ಅರ್ಧ ಜನ ಹೇಗೂ ತೇರಿಗೆ ಬರುತ್ತಾರೆ, ಕೈಗೇ ಕೊಡಬಹುದು. ಹೇಳೋದು ಸುಲಭ. ಹೋದ ಸಲ ನನ್ನಿಂದಲೇ ಆಗಲಿಲ್ಲ. ದಾಸೋಹದಲ್ಲಿ ಮಾದಲಿ ಉಣ್ಣುತ್ತಾ ಕೂತಾಗ ಚಿಂಟು ಬಂದು "ಅಣ್ಣ, ಫೋಟೋ ಎಲ್ಲಿ?" ಅಂದ. ಯುಗಾದಿಗೆ ಕೊಟ್ಟೆ.